ಬಾಲ್ಕನಿಯ ಬಿಳಿ ಹುಳ ಮತ್ತು ಒಂದು ಚೂರು ಸೋಪು

(ಮಹಿಳಾ ವಿಭಾಗದ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಹೋದ ತಿಂಗಳ ಸಭೆ ಮುಗಿದು ಚಹಾ ಕುಡಿಯುವಾಗ ಮೂರು ಜನ ಬೇರೆ ಬೇರೆಯಾಗಿ ಬಂದು ನನ್ನನ್ನು ಒಂದೇ ಪ್ರಶ್ನೆ ಕೇಳಿದರು. "ದಾಸವಾಳಕ್ಕೆ ಬಿಳಿ ಹುಳ ಬಂದಿದೆ, ಏನು ಹೊಡೆಯೋದು?" ನಮ್ಮ ವಾಟ್ಸಾಪ್ ಗುಂಪಿನಲ್ಲೂ ಇದೇ ಚರ್ಚೆ. ಒಬ್ಬರು ಸ್ಪಿರಿಟ್ ಅಂತಾರೆ, ಇನ್ನೊಬ್ಬರು ಪಾತ್ರೆ ತೊಳೆಯುವ ಲಿಕ್ವಿಡ್ ಅಂತಾರೆ, ಮತ್ತೊಬ್ಬರು ಕೊರೊನಾ ಕಾಲದಲ್ಲಿ ಉಳಿದ ಸ್ಯಾನಿಟೈಸರ್ ಹಾಕಿ ಮುಗಿಸಿ ಅಂತಾರೆ. ಕೊನೆಗೆ ಸಮಿತಿಯವರು, "ನೀವೇ ಒಂದು ದಿನ ಮಾತಾಡಿಬಿಡಿ" ಅಂದರು. ನಾನು ಕೃಷಿ ವಿಜ್ಞಾನಿಯಲ್ಲ. ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ರಸಾಯನಶಾಸ್ತ್ರ ಕಲಿಸಿದವಳು, ನಾಲ್ಕಡಿ ಅಗಲದ ಬಾಲ್ಕನಿಯಲ್ಲಿ ನಲವತ್ತು ಕುಂಡ ಇಟ್ಟುಕೊಂಡು ಮನೆಯವರಿಂದ ಬೈಸಿಕೊಳ್ಳುವವಳು. ಈ ಎರಡು ಅರ್ಹತೆಯ ಮೇಲೆ ಮಾತಾಡುತ್ತೇನೆ.

ಇದು ಬರೀ ಹೂಗಿಡದ ವಿಷಯ ಅಲ್ಲ ಅಂತ ನನಗೆ ಅನಿಸಿದ್ದು ಒಂದು ಬಾಟಲಿ ನೋಡಿದ ಮೇಲೆ. ಎರಡು ವರ್ಷದ ಹಿಂದೆ ಅಕ್ಟೋಬರ್ ಬಿಸಿಲಿನಲ್ಲಿ ನಮ್ಮ ಕಟ್ಟಡದ ಹೆಚ್ಚುಕಡಿಮೆ ಎಲ್ಲ ಬಾಲ್ಕನಿಗಳಿಗೂ ಬಿಳಿ ಹುಳ ಬಿತ್ತು. ಒಬ್ಬ ಮಾಲಿ ಬಂದು ಮನೆಗೆ ನೂರು ರೂಪಾಯಿಯಂತೆ ಔಷಧ ಹೊಡೆದು ಹೋದ. ಉಳಿದದ್ದನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ಸುರಿದು, "ಹದಿನೈದು ದಿನ ಬಿಟ್ಟು ನೀವೇ ಹೊಡೀರಿ" ಅಂತ ಕೊಟ್ಟ. ನಮ್ಮ ಪಕ್ಕದ ಮನೆಯಲ್ಲಿ ಆ ಬಾಟಲಿ ಅಡುಗೆಕಟ್ಟೆಯ ಮೇಲೆ ಎಣ್ಣೆ ಬಾಟಲಿಯ ಪಕ್ಕ ನಿಂತಿತ್ತು. ಚೀಟಿ ಇಲ್ಲ, ಔಷಧದ ಹೆಸರಿಲ್ಲ, ಮುಚ್ಚಳ ಸಡಿಲ. ಆ ಮನೆಯಲ್ಲಿ ಮೂರು ವರ್ಷದ ಮಗು ಇದೆ. ಅಂದು ಸಂಜೆ ಸಾರಿನ ಒಗ್ಗರಣೆಗೆ ಕಿತ್ತದ್ದೂ ಅದೇ ಬಾಲ್ಕನಿಯ ಕರಿಬೇವು.

ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಒಂದು ವಿಷಯ ತಿಳಿದುಕೊಳ್ಳಿ. ನರ್ಸರಿಗಳಲ್ಲಿ, ಆನ್‌ಲೈನ್‌ನಲ್ಲಿ ಸಣ್ಣ ಪೊಟ್ಟಣದಲ್ಲಿ ಸಿಗುವ ಕೆಲವು ಔಷಧಗಳು ಎಲೆಯ ಮೇಲೆ ಕೂತಿರುವುದಿಲ್ಲ, ಗಿಡದ ರಸದೊಳಗೆ ಸೇರಿಕೊಳ್ಳುತ್ತವೆ. ಇಮಿಡಾಕ್ಲೋಪ್ರಿಡ್ ಅಂಥದ್ದು. ರಸ ಹೀರುವ ಹುಳ ಸಾಯುವುದು ಆ ಕಾರಣಕ್ಕೇ. ರಸದೊಳಗೆ ಸೇರಿದ್ದನ್ನು ನಲ್ಲಿ ಕೆಳಗೆ ಹಿಡಿದು ತೊಳೆಯಲು ಬರುವುದಿಲ್ಲ. ಹೊಲದಲ್ಲಾದರೆ ಯಾವ ಬೆಳೆಗೆ ಎಷ್ಟು, ಹೊಡೆದು ಎಷ್ಟು ದಿನದ ಮೇಲೆ ಕೊಯ್ಯಬೇಕು ಅಂತ ಚೀಟಿಯ ಮೇಲೆ ಬರೆದಿರುತ್ತದೆ. ನಮ್ಮ ಬಾಲ್ಕನಿಯಲ್ಲಿ ತುಳಸಿ, ದೊಡ್ಡಪತ್ರೆ, ಕರಿಬೇವು, ಪುದೀನ ಎಲ್ಲ ದಾಸವಾಳದ ಮಗ್ಗುಲಲ್ಲೇ ಇರುತ್ತವೆ, ಬೆಳಿಗ್ಗೆ ಕಿತ್ತದ್ದು ಮಧ್ಯಾಹ್ನ ಹೊಟ್ಟೆಯಲ್ಲಿರುತ್ತದೆ. ಹಾಗಾಗಿ ಮನೆಗೆ ಸೋಪು ಮತ್ತು ಸ್ಪಿರಿಟ್ ಎರಡೇ ಸಾಕು ಅಂತ ನಾನು ವಾದ ಮಾಡುತ್ತೇನೆ. ಸಾಕು, ಆದರೆ ಅವು ಹೇಗೆ ಕೆಲಸ ಮಾಡುತ್ತವೆ ಅಂತ ಗೊತ್ತಿದ್ದರೆ ಮಾತ್ರ. "ಸೋಪು ಹೊಡೆದೆ, ಏನೂ ಉಪಯೋಗವಾಗಲಿಲ್ಲ" ಅನ್ನುವವರು ಅರ್ಧ ಸಭೆ ಇದ್ದೀರಿ, ನನಗೆ ಗೊತ್ತು.

ಮೊದಲು ಹುಳವನ್ನು ನೋಡೋಣ. ಈ ಕೊಂಬೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿ. ಜಿಪ್ ಚೀಲದ ಒಳಗೇ ಇರಲಿ, ದಯವಿಟ್ಟು ತೆಗೆಯಬೇಡಿ. ಗಿಣ್ಣಿನಲ್ಲಿ, ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಸಂದಿಯಲ್ಲಿ ಹತ್ತಿಯ ಹಾಗೆ ಅಂಟಿಕೊಂಡಿದೆಯಲ್ಲ, ಅದೇ ಹಿಟ್ಟು ತಿಗಣೆ. ಮೈಮೇಲಿನ ಬಿಳಿ ಪುಡಿ ಮೇಣ. ನೀರು ಬಿದ್ದರೆ ಕೆಸುವಿನ ಎಲೆಯ ಮೇಲೆ ಜಾರಿದ ಹಾಗೆ ಜಾರಿಹೋಗುತ್ತದೆ. ಹೆಣ್ಣು ಹತ್ತಿಯಂಥ ಚೀಲದಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಜಾತಿಯನ್ನೂ ಸೆಕೆಯನ್ನೂ ಅವಲಂಬಿಸಿ ಕೆಲವೇ ದಿನಗಳಿಂದ ಒಂದೆರಡು ವಾರದೊಳಗೆ ಅವು ಒಡೆದು ಹಳದಿ ಬಣ್ಣದ ಮರಿಗಳು ಹೊರಬರುತ್ತವೆ. ಸಾಸಿವೆಗಿಂತ ಎಷ್ಟೋ ಸಣ್ಣವು. ಮರಿಯ ಮೈಮೇಲೆ ಇನ್ನೂ ಮೇಣ ಇರುವುದಿಲ್ಲ. ನಮ್ಮ ಕೈಗೆ ಸುಲಭವಾಗಿ ಸಿಗುವ ಹೊತ್ತು ಅದು. ಇದನ್ನು ನೆನಪಿಡಿ, ಮತ್ತೆ ಬರುತ್ತೇನೆ.

ಹುಳ ಹೀರಿದ ರಸದಲ್ಲಿ ಸಕ್ಕರೆ ಜಾಸ್ತಿ. ಹೆಚ್ಚಾದದ್ದನ್ನು ಅಂಟಾಗಿ ಹೊರಹಾಕುತ್ತದೆ. ಎಲೆ ಮುಟ್ಟಿದರೆ ಬೆಲ್ಲದ ಪಾಕ ಸೋಕಿದ ಹಾಗೆ ಅಂಟಂಟು. ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ, ಅದನ್ನು ನೆಕ್ಕಲು ಇರುವೆ ಬರುತ್ತದೆ. ಇರುವೆಗಳು ಈ ಹುಳಗಳನ್ನು ಹಸು ಕಾಯ್ದ ಹಾಗೆ ಕಾಯುತ್ತವೆ, ತಿನ್ನಲು ಬಂದ ಬೇರೆ ಕೀಟಗಳನ್ನು ಓಡಿಸುತ್ತವೆ. ಹುಳ ಕಾಣುವ ಮೊದಲು ಇರುವೆ ಸಾಲು ಕಾಣುತ್ತದೆ. ಕುಂಡದ ಮೇಲೆ ಇರುವೆ ಸಾಲು ಹತ್ತುತ್ತಿದ್ದರೆ ಮಣ್ಣಿಗೆ ಅರಿಶಿನ ಹಾಕುತ್ತಾ ಕೂರಬೇಡಿ, ಎಲೆ ಮಗುಚಿ ನೋಡಿ.

ಮಳೆಗಾಲದಲ್ಲಿ ಇವುಗಳ ಕಾಟ ಕಡಿಮೆ. ನಮ್ಮ ಮುಂಬೈ ಮಳೆ ತೊಳೆದು ಹಾಕುತ್ತದೆ. ಅಕ್ಟೋಬರ್ ಬಿಸಿಲು ಶುರುವಾದ ಮೇಲೆ ಏರಿ, ಹೋಳಿಯಿಂದ ಮಳೆ ಹಿಡಿಯುವವರೆಗೆ ಹಬ್ಬ ಮಾಡುತ್ತವೆ.

ಈಗ ಸೋಪಿಗೆ ಬರೋಣ. ಸೋಪು ಅಂದರೇನು? ಎಣ್ಣೆ ಅಥವಾ ಕೊಬ್ಬಿಗೆ ಕ್ಷಾರ ಸೇರಿಸಿ ಕುದಿಸಿದಾಗ ಸಿಗುವ ಕೊಬ್ಬಿನಾಮ್ಲದ ಲವಣ. ಅದು ಹುಳದ ಮೈಗೆ ತಾಗಿದರೆ ಮೇಲಿನ ಮೇಣ ಬಿಡುತ್ತದೆ, ಮೆತ್ತಗಿನ ಚರ್ಮದ ಜೀವಕೋಶಗಳ ಪೊರೆ ಕೆಡುತ್ತದೆ, ಒಳಗಿನ ನೀರು ಹೋಗಿ ಹುಳ ಒಣಗುತ್ತದೆ. ಇದೆಲ್ಲ ದ್ರಾವಣ ಒದ್ದೆಯಿರುವಷ್ಟು ಹೊತ್ತು ಮಾತ್ರ. ಒಣಗಿದ ಮೇಲೆ ಎಲೆಯ ಮೇಲೆ ಉಳಿದ ಸೋಪು ಯಾವ ಹುಳವನ್ನೂ ಕೊಲ್ಲುವುದಿಲ್ಲ. ನಾಳೆ ಬಂದು ಕೂತ ಹುಳಕ್ಕೆ ಇಂದಿನ ಸೋಪಿನ ಭಯವಿಲ್ಲ. ತಾಗದೇ ಉಳಿದ ಹುಳಕ್ಕೂ ಇಲ್ಲ, ಮೊಟ್ಟೆಗಂತೂ ಇಲ್ಲವೇ ಇಲ್ಲ. ಒಂದು ಸಲ ಎಲೆಯ ಮೇಲ್ಭಾಗಕ್ಕೆ ಫುಸ್ ಫುಸ್ ಅಂತ ಹೊಡೆದು ಬಂದರೆ ಉಪಯೋಗವಾಗದಿರುವುದು ಇದಕ್ಕೇ. ಹುಳ ಇರುವುದು ಎಲೆಯ ಅಡಿಯಲ್ಲಿ, ಸಂದಿಯಲ್ಲಿ. ಆದರೆ ಇದೇ ದೌರ್ಬಲ್ಯ ನಮಗೆ ವರ. ಮಾರನೇ ದಿನ ಹೂವಿಗೆ ಬರುವ ಜೇನ್ನೊಣಕ್ಕೆ ತೊಂದರೆಯಿಲ್ಲ, ಕರಿಬೇವನ್ನು ತೊಳೆದು ಒಗ್ಗರಣೆಗೆ ಹಾಕಬಹುದು.

ಯಾವ ಸೋಪು ಅನ್ನುವುದೇ ದೊಡ್ಡ ಜಗಳ. ಪಾತ್ರೆ ತೊಳೆಯುವ ಲಿಕ್ವಿಡ್ ಸಾಮಾನ್ಯವಾಗಿ ಸೋಪೇ ಅಲ್ಲ, ಡಿಟರ್ಜೆಂಟ್. ಕಡಾಯಿಯ ಜಿಡ್ಡು ತೆಗೆಯಲು ಮಾಡಿದ ವಸ್ತು ಅದು. ಎಲೆಯ ಮೇಲೂ ತೆಳ್ಳಗೆ ಒಂದು ಮೇಣದ ಪದರ ಇರುತ್ತದೆ, ಗಿಡ ತನ್ನ ನೀರು ಆರಿಹೋಗದ ಹಾಗೆ ಮಾಡಿಕೊಂಡದ್ದು. ಜಿಡ್ಡು ತೆಗೆಯುವುದಕ್ಕೆ ಕಡಾಯಿಯ ಎಣ್ಣೆ ಯಾವುದು, ಎಲೆಯ ಮೇಣ ಯಾವುದು ಅಂತ ಭೇದ ಗೊತ್ತಿಲ್ಲ. ಮೇಲಾಗಿ ಅದರಲ್ಲಿ ಬಣ್ಣ, ನಿಂಬೆ ಪರಿಮಳ, ಇನ್ನೇನೇನೋ. ಕೆಲವು ಗಿಡ ತಡೆದುಕೊಳ್ಳುತ್ತವೆ, ಕೆಲವುದರ ಎಲೆಯ ಅಂಚು ಸುಟ್ಟು ಕಂದಾಗುತ್ತದೆ. ಬಟ್ಟೆ ಒಗೆಯುವ ನೀಲಿ ಬಾರುಗಳಲ್ಲೂ ಹೆಚ್ಚಿನವು ಡಿಟರ್ಜೆಂಟೇ.

ಹಾಗಾದರೆ ನಿಜವಾದ ಸೋಪು ಎಲ್ಲಿದೆ? ಬಚ್ಚಲುಮನೆಯಲ್ಲಿ. ಸ್ನಾನದ ಸೋಪಿನ ಹೊದಿಕೆ ಓದಿ. "ಟಾಯ್ಲೆಟ್ ಸೋಪ್" ಅಂತ ಇದ್ದರೆ ಅದು ಸೋಪು. "ಬಾತಿಂಗ್ ಬಾರ್" ಅಂತ ಇದ್ದರೆ ಬೇರೆ ವಸ್ತುಗಳು ಬೆರೆತಿರಬಹುದು. ಪಕ್ಕದಲ್ಲಿ ಟಿಎಫ್‌ಎಂ ಅಂತ ಒಂದು ಸಂಖ್ಯೆ ಇರುತ್ತದೆ, ಒಟ್ಟು ಕೊಬ್ಬಿನಂಶ ಅಂತ ಅರ್ಥ. ಅದು ಶೇ. 76 ಅಥವಾ ಹೆಚ್ಚಿದ್ದರೆ ಮೊದಲ ದರ್ಜೆ. ಬಣ್ಣ, ಪರಿಮಳ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಮೈಸೂರು ಸ್ಯಾಂಡಲ್ ನಿಜವಾದ ಸೋಪೇ ಹೌದು, ಆದರೆ ಗಂಧದೆಣ್ಣೆ ಹುಳಕ್ಕೆ ಯಾಕೆ? ಅದು ನಮಗಿರಲಿ.

ಇದಕ್ಕಿಂತ ಒಳ್ಳೆಯದು ಪೊಟ್ಯಾಸಿಯಂ ಸೋಪು. ಸ್ನಾನದ ಸೋಪು ಸೋಡಿಯಂನದು, ಗಿಡಕ್ಕೆ ಸ್ವಲ್ಪ ಒರಟು. ಪೊಟ್ಯಾಸಿಯಂನದು ಮೆತ್ತಗೆ ಲೇಹದ ಹಾಗಿರುತ್ತದೆ ಇಲ್ಲವೇ ದ್ರವವಾಗಿರುತ್ತದೆ, ಕೀಟಕ್ಕೆಂದೇ ಮಾಡಿ ಮಾರುತ್ತಾರೆ. ಅದರ ಅಳತೆ ಅದರ ಚೀಟಿಯ ಮೇಲಿದ್ದಂತೆ. ನಮ್ಮೂರಿನ ಹೆಮ್ಮೆಗೆ ಇನ್ನೊಂದು ಹೇಳಬೇಕು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ತರಕಾರಿ ಬೆಳೆಗಾರರಿಗಾಗಿ ಬೇವಿನ ಸೋಪು, ಹೊಂಗೆ ಸೋಪು ಅಂತ ಎರಡು ತಯಾರಿಸಿದ್ದಾರೆ. ಬೇವಿನೆಣ್ಣೆ, ಹೊಂಗೆಯೆಣ್ಣೆಯಿಂದ ಮಾಡಿದ ಸೋಪು. ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಊರಿಗೆ ಹೋದಾಗ ಮಾವಿನಹಣ್ಣಿನ ಜೊತೆ ಒಂದೆರಡು ಬಿಲ್ಲೆ ತರಿಸಿಕೊಳ್ಳಿ. ಹಳೆಯ ಕಾಲದಿಂದ ತೋಟಗಳಲ್ಲಿ ಮೀನೆಣ್ಣೆ ಸೋಪನ್ನೂ ಬಳಸುತ್ತಾರೆ, ಕೆಲಸ ಚೆನ್ನಾಗಿ ಮಾಡುತ್ತದೆ. ಫ್ಲ್ಯಾಟಿನಲ್ಲಿ ಅದನ್ನು ಬಳಸಿದರೆ ಮೇಲಿನ ಮನೆಯವರೂ ಕೆಳಗಿನ ಮನೆಯವರೂ ಒಟ್ಟಿಗೆ ಬಂದು ಬಾಗಿಲು ತಟ್ಟುತ್ತಾರೆ.

ಅಳತೆ ಬರೆದುಕೊಳ್ಳಿ. ಸ್ನಾನದ ಸೋಪಾದರೆ 1 ಲೀಟರ್ ನೀರಿಗೆ 5 ಗ್ರಾಂ. ತಕ್ಕಡಿ ಇಲ್ಲದವರು 100 ಗ್ರಾಂನ ಹೊಸ ಸೋಪನ್ನು ಚಾಕುವಿನಿಂದ ಇಪ್ಪತ್ತು ಸಮ ತುಂಡು ಮಾಡಿ, ಒಂದು ತುಂಡು ಒಂದು ಲೀಟರಿಗೆ. ತುರಿದು ಬಿಸಿನೀರಿನಲ್ಲಿ ಕರಗಿಸಿ, ಉಳಿದ ನೀರು ಸೇರಿಸಿ, ತಣಿಸಿ, ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ಸ್ಪ್ರೇ ಬಾಟಲಿಯ ಮೂತಿ ಕಟ್ಟಿಕೊಳ್ಳುತ್ತದೆ. ಗಟ್ಟಿ ಎಲೆಯ ಗಿಡಕ್ಕೆ, ಹುಳ ತುಂಬಾ ಇದ್ದರೆ 10 ಗ್ರಾಂವರೆಗೆ ಹೋಗಬಹುದು. ಅದರಾಚೆ ಬೇಡ. ಜಾಸ್ತಿ ಹಾಕಿದರೆ ಜಾಸ್ತಿ ಸಾಯುತ್ತದೆ ಅನ್ನುವ ಲೆಕ್ಕದಲ್ಲಿ ಮೊದಲು ಸಾಯುವುದು ಗಿಡ.

ನೀರಿನ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಮೊಸರಿನ ಹಾಗೆ ಒಡೆದು ಬಿಳಿ ಕೆನೆ ಕಟ್ಟುತ್ತದೆ. ಆ ಕೆನೆ ಹುಳಕ್ಕೂ ಏನೂ ಮಾಡುವುದಿಲ್ಲ, ಎಲೆಯ ಮೇಲೆ ಕಲೆ ಬೇರೆ. ಮುಂಬೈ ಮಹಾನಗರಪಾಲಿಕೆಯ ನೀರು ಕೆರೆಯದು, ಮೆದು. ಆದರೆ ಬೋರ್‌ವೆಲ್, ಟ್ಯಾಂಕರ್ ನೀರಿನ ಕಟ್ಟಡಗಳವರೂ ಇಲ್ಲಿದ್ದೀರಿ. ಹೈದರಾಬಾದ್, ಚೆನ್ನೈಯಿಂದ ಆನ್‌ಲೈನಿನಲ್ಲಿ ಕೇಳುತ್ತಿರುವವರಂತೂ ಗಮನಿಸಿ. ಪರೀಕ್ಷೆ ಸುಲಭ. ಬಾಟಲಿಯಲ್ಲಿ ಸ್ವಲ್ಪ ದ್ರಾವಣ ಹಾಕಿ ಅಲುಗಿಸಿ. ನೊರೆ ನಿಂತರೆ ಸರಿ, ಬಿಳಿ ಚೂರುಗಳು ತೇಲಿದರೆ ಆ ನೀರು ಬೇಡ. ಕುಡಿಯುವ ಆರ್‌ಒ ನೀರು ಬಳಸಿ, ಅಥವಾ ಏಸಿಯಿಂದ ತೊಟ್ಟಿಕ್ಕುವ ನೀರನ್ನು ಸೋಸಿಕೊಳ್ಳಿ, ಅದು ಮಳೆನೀರಿನ ಹಾಗೆ ಮೆದು. ಆರ್‌ಒ ಯಂತ್ರ ಹೊರಹಾಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಗಿಡಕ್ಕೆ ಹಾಕುವ ಜಾಣೆಯರು ನಾವು. ಆದರೆ ನೀರಿನ ಉಪ್ಪೆಲ್ಲ ಸಾಂದ್ರವಾಗಿ ಸೇರಿರುವುದು ಅದರಲ್ಲೇ, ಹಾಗಾಗಿ ಸೋಪು ಕರಗಿಸಲು ಅದು ಎಲ್ಲಕ್ಕಿಂತ ಕೆಟ್ಟ ನೀರು. ಆ ಬಕೆಟ್ಟು ನೆಲ ಒರೆಸಲು ಇರಲಿ.

ಇನ್ನು ಸ್ಪಿರಿಟ್. ಮೆಡಿಕಲ್ ಶಾಪಿನಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್, ಶೇ. 70 ಅಂತ ಕೇಳಿ. ಇಂಜೆಕ್ಷನ್ ಕೊಡುವ ಮೊದಲು ತೋಳಿಗೆ ಒರೆಸುವ ಜಾತಿಯದು. ಶೇ. 99ರದ್ದು ಇನ್ನೂ ಜೋರು ಅಂತ ತರಬೇಡಿ. ಅದು ತಾಗಿದ ಕ್ಷಣದಲ್ಲೇ ಹಾರಿಹೋಗುತ್ತದೆ. ಶೇ. 70ರಲ್ಲಿ ನೀರು ಇರುವುದರಿಂದ ಹುಳದ ಮೈಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತದೆ, ಕೆಲಸ ಆಗುತ್ತದೆ. ಜೆಲ್ ಸ್ಯಾನಿಟೈಸರ್ ಬೇಡ, ಅದರಲ್ಲಿ ಅಂಟು, ಗ್ಲಿಸರಿನ್, ಪರಿಮಳ ಎಲ್ಲ ಇರುತ್ತದೆ. ಪೇಂಟ್ ಅಂಗಡಿಯ ಥಿನ್ನರನ್ನು ಗಿಡದ ಹತ್ತಿರವೂ ತರಬೇಡಿ.

ನನ್ನ ಅಭಿಪ್ರಾಯದಲ್ಲಿ ಸ್ಪಿರಿಟ್ ಇರುವುದು ಸಿಂಪಡಿಸಲು ಅಲ್ಲ, ಚುಚ್ಚಲು. ಕಿವಿಗೆ ಬಳಸುವ ಹತ್ತಿಕಡ್ಡಿಯನ್ನು ಅದ್ದಿ ಒಂದೊಂದೇ ಹುಳವನ್ನು ಮುಟ್ಟಿ. ಬಿಳಿ ಮೇಣ ಕರಗಿ ಒಳಗಿನ ಕಿತ್ತಳೆ-ಕಂದು ಮೈ ಕಾಣುತ್ತದೆ. ಬಣ್ಣ ತಿರುಗಿದರೆ ಕೆಲಸ ಆಯಿತು. ಸಂದಿಗೆ ಹತ್ತಿಕಡ್ಡಿ ಹೋಗದಿದ್ದರೆ ಮಕ್ಕಳ ಚಿತ್ರಕಲೆಯ ಸಣ್ಣ ಕುಂಚ ಒಳ್ಳೆಯದು. ಕಾಂಡಕ್ಕೆ ಚಿಪ್ಪಿನ ಹಾಗೆ ಅಂಟಿಕೊಂಡಿರುವ ಶಲ್ಕ ಕೀಟಕ್ಕೆ ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸ್ಪಿರಿಟ್ ಹಚ್ಚಿ ಮೆಲ್ಲಗೆ ಉಜ್ಜಬೇಕು. ಚಿಪ್ಪು ಎಬ್ಬಿಸದೆ ಏನು ಸುರಿದರೂ ಒಳಗಿನ ಹುಳ ಆರಾಮಾಗಿರುತ್ತದೆ. ಸ್ಪಿರಿಟನ್ನು ಮಣ್ಣಿಗೆ ಸುರಿಯಬೇಡಿ, ಬೇರು ಸುಡುತ್ತದೆ.

ಹುಷಾರಿನ ಮಾತು ಒಂದಿದೆ. ಇದು ಪೆಟ್ರೋಲಿನ ಹಾಗೆ ಥಟ್ಟನೆ ಹೊತ್ತಿಕೊಳ್ಳುವ ವಸ್ತು. ನಮ್ಮ ಬಾಲ್ಕನಿಗಳಲ್ಲಿ ತುಳಸಿಕಟ್ಟೆ ಇದೆ, ಸಂಜೆ ದೀಪ ಇದೆ, ಊದಿನಕಡ್ಡಿ ಇದೆ. ಎಷ್ಟೋ ಮನೆಗಳಲ್ಲಿ ಬಾಲ್ಕನಿಯನ್ನು ಅಡುಗೆಮನೆಗೆ ಸೇರಿಸಿಕೊಂಡಿದ್ದೀರಿ, ಒಲೆಯೂ ಅಲ್ಲೇ. ದೀಪ ಉರಿಯುತ್ತಿರುವಾಗ, ಒಲೆ ಹಚ್ಚಿರುವಾಗ ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆಯಬಾರದು. ಸ್ಪ್ರೇ ಮಾಡಿದರೆ ಹನಿಯೂ ಆವಿಯೂ ಗಾಳಿಯಲ್ಲಿ ಹರಡುತ್ತವೆ, ಅದಕ್ಕೇ ಸ್ಪ್ರೇ ಬೇಡ ಅನ್ನುವುದು. ಬೆಳಿಗ್ಗೆ, ಕಿಟಕಿ ತೆರೆದು, ಸಣ್ಣ ಬಟ್ಟಲಿನಲ್ಲಿ ನಾಲ್ಕು ಚಮಚ ಹಾಕಿಕೊಂಡು, ಬಾಟಲಿಯನ್ನು ಕಪಾಟಿನಲ್ಲಿಟ್ಟು ಬಂದು ಕೆಲಸ ಶುರು ಮಾಡಿ. ಬಾಟಲಿಯ ಮೇಲಿನ ಚೀಟಿ ಹಾಗೇ ಇರಲಿ.

ನಮ್ಮ ಕಟ್ಟಡದ ಐದನೇ ಮಹಡಿಯ ಅಜ್ಜಿಯ ವಿಷಯ ಹೇಳಲೇಬೇಕು, ಅವರ ಒಪ್ಪಿಗೆ ಪಡೆದೇ ಬಂದಿದ್ದೇನೆ. ಧಾರವಾಡದ ಕಡೆಯವರು. ತವರುಮನೆಯ ಹಿತ್ತಿಲಿನ ಕೆಂಪು ದಾಸವಾಳದ ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ರೈಲಿನಲ್ಲಿ ತಂದು ನೆಟ್ಟದ್ದು, ಹತ್ತೊಂಬತ್ತು ವರ್ಷದ ಗಿಡ. ಆ ಹಿತ್ತಿಲು ಈಗಿಲ್ಲ, ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ನಾನು ನೋಡಲು ಹೋದಾಗ ಕುಡಿಯೆಲ್ಲ ಮುದುಡಿ, ಕಾಂಡಕ್ಕೆ ಸುಣ್ಣ ಬಳಿದ ಹಾಗಾಗಿತ್ತು. ಮೊಗ್ಗು ಅರಳುವ ಮೊದಲೇ ಉದುರುತ್ತಿತ್ತು. ಅಜ್ಜಿ, "ಒಗದ್ಬಿಡು, ಹೊಸಾದು ತರತೀನಿ ಅಂತಾನ ನಮ್ಮ ಮಗ. ನರ್ಸರ್ಯಾಗ ದಾಸವಾಳ ಸಿಗತಾವ್ವಾ, ನಮ್ಮವ್ವ ಹಚ್ಚಿದ ದಾಸವಾಳ ಎಲ್ಲಿ ಸಿಗತದ?" ಅಂದರು.

ಮೊದಲ ದಿನ ಅರ್ಧ ಗಿಡ ಕತ್ತರಿಸಿದೆವು. ಕುಡಿ ಮುದುಡಿದ ಕಡೆ ಯಾವ ದ್ರಾವಣವೂ ಒಳಗೆ ಹೋಗುವುದಿಲ್ಲ, ಅದನ್ನು ಉಳಿಸಿಕೊಂಡು ಪ್ರಯೋಜನವಿಲ್ಲ. ಕತ್ತರಿಸಿದ್ದನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿದೆವು. ಕಾಂಪೋಸ್ಟ್ ಬುಟ್ಟಿಗೆ ಹಾಕಿದ್ದರೆ ಹುಳ ಅಲ್ಲಿಂದಲೇ ವಾಪಸ್ ಬರುತ್ತಿತ್ತು. ಕುಂಡವನ್ನು ಬಚ್ಚಲಿಗೆ ಎಳೆದು, ಮಣ್ಣಿನ ಮೇಲೆ ಪ್ಲಾಸ್ಟಿಕ್ ಮುಚ್ಚಿ, ಹ್ಯಾಂಡ್ ಶವರಿನಲ್ಲಿ ಎಲೆಯ ಅಡಿಗೆ ರಭಸವಾಗಿ ನೀರು ಬಿಟ್ಟೆವು. ಅರ್ಧಕ್ಕರ್ಧ ಹುಳ ನೀರಿಗೇ ಹೋಯಿತು. ಇದು ಖರ್ಚಿಲ್ಲದ ಔಷಧ, ಯಾರೂ ಮಾಡುವುದಿಲ್ಲ. ಆಮೇಲೆ ಇಬ್ಬರೂ ಹತ್ತಿಕಡ್ಡಿ ಹಿಡಿದು ಕೂತೆವು, ಅಜ್ಜಿಗೆ ಭೂತಗನ್ನಡಿ. ಗಿಣ್ಣು ಗಿಣ್ಣಿಗೂ ಸ್ಪಿರಿಟ್. ಅದು ಆರಿದ ಮೇಲೆ ಸೋಪಿನ ದ್ರಾವಣ, ಎಲೆಯ ಅಡಿಯಿಂದ ತೊಟ್ಟಿಕ್ಕುವಷ್ಟು. ಎರಡು ಗಂಟೆಯ ನಂತರ ಬರೀ ನೀರಿನಿಂದ ತೊಳೆದೆವು. ಕುಂಡದ ಅಂಚು, ಅಡಿಯ ತಟ್ಟೆ, ಬಾಲ್ಕನಿ ಸರಳುಗಳನ್ನೂ ಒರೆಸಿದೆವು. ಮೊಟ್ಟೆ ಚೀಲ ಅಲ್ಲೂ ಅಂಟಿಕೊಂಡಿರುತ್ತದೆ.

ಐದು ದಿನ ಬಿಟ್ಟು ನೋಡಿದರೆ ಮತ್ತೆ ಹುಳ! ಅಜ್ಜಿಯ ಮುಖ ಬಾಡಿತು. ಆದರೆ ಆಗ ಹೇಳಿದೆನಲ್ಲ, ಮೊಟ್ಟೆ ಒಡೆದು ಬಂದ ಮರಿಗಳು ಅವು, ಮೈಮೇಲೆ ಮೇಣ ಇನ್ನೂ ಬಂದಿರಲಿಲ್ಲ. ಸೋಪು ಸಲೀಸಾಗಿ ತಾಗುವ ಸಮಯ. ಎರಡನೇ ಸಲ ಹೊಡೆದೆವು. ಮತ್ತೆ ಐದು ದಿನಕ್ಕೆ ಮೂರನೆಯದು, ಮತ್ತೆ ಐದು ದಿನಕ್ಕೆ ನಾಲ್ಕನೆಯದು. ಮರಿ ಬೆಳೆದು ಮತ್ತೆ ಮೊಟ್ಟೆ ಇಡುವುದರೊಳಗೆ ಹಿಡಿಯಬೇಕು, ಇದೇ ಲೆಕ್ಕ. ಒಂದು ಸಲ ತಪ್ಪಿಸಿದರೆ ಮೊದಲಿಂದ ಶುರು. ಮೂರನೇ ಸಲದ ಹೊತ್ತಿಗೆ ಇರುವೆ ಸಾಲು ನಿಂತಿತು. ಅದು ಒಳ್ಳೆಯ ಗುರುತು. ನಾಲ್ಕನೇ ಸಲದಲ್ಲಿ ಹುಡುಕಿ ಹುಡುಕಿ ಏಳು ಹುಳ ಸಿಕ್ಕವು. ಎರಡು ತಿಂಗಳಿಗೆ ಹೊಸ ಚಿಗುರು ತುಂಬಿಕೊಂಡಿತು, ಯುಗಾದಿಗೆ ಎರಡು ಹೂವು ಬಿಟ್ಟಿತು. ಅದಕ್ಕಿಂತ ಸಂತೋಷದ ವಿಷಯ, ಅಜ್ಜಿ ಈಗ ಕಡ್ಡಿ ಕತ್ತರಿಸಿ ಬೇರೆ ಮೂರು ಮನೆಗೆ ಕೊಟ್ಟಿದ್ದಾರೆ. ಒಂದು ಹೋದರೆ ಇನ್ನೊಂದು ಇರಲಿ ಅಂತ. ಅದರಲ್ಲೊಂದು ನಮ್ಮ ಮನೆಯಲ್ಲಿದೆ.

ಇಷ್ಟು ಪುರುಸೊತ್ತು ಯಾರಿಗಿದೆ ಅಂತ ಕೆಲಸಕ್ಕೆ ಹೋಗುವವರು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ವಾರಕ್ಕೊಮ್ಮೆ, ನೀರು ಹಾಕುವಾಗ ಪ್ರತಿ ಗಿಡದ ನಾಲ್ಕು ಎಲೆ ಮಗುಚಿ ನೋಡುವ ಅಭ್ಯಾಸ ಇದ್ದರೆ ಮೂರು ಹುಳ ಇರುವಾಗಲೇ ಸಿಗುತ್ತವೆ. ಮೂರು ಹುಳಕ್ಕೆ ಒಂದು ಹತ್ತಿಕಡ್ಡಿ, ಎರಡು ನಿಮಿಷ. ಹೊಸ ಗಿಡ ತಂದರೆ ಎರಡು ವಾರ ಬೇರೆ ಕಡೆ ಇಡಿ. ನರ್ಸರಿಯಿಂದ ಹುಳ ಉಚಿತವಾಗಿ ಬರುತ್ತದೆ.

ತುಳಸಿಯ ಬಗ್ಗೆ ಬಹಳ ಜನ ಕೇಳಿದ್ದೀರಿ. ತುಳಸಿಗೆ ಸ್ಪಿರಿಟ್ ಹಚ್ಚಬೇಡಿ ಅನ್ನುತ್ತೇನೆ. ಮಡಿ ಮೈಲಿಗೆಯ ಮಾತು ಬಿಡಿ, ಅದರ ಎಲೆ ತೆಳು, ಬೇಗ ಸುಡುತ್ತದೆ, ಮತ್ತು ದೀಪ ಅಲ್ಲೇ ಇರುತ್ತದೆ. ತುಳಸಿಯ ಎಲೆ ಮೇಲೆ ಬಿಳಿಚಿಕೊಂಡು, ಅಡಿಯಲ್ಲಿ ಕಪ್ಪು ಚುಕ್ಕೆ ಬಿದ್ದು ಸುರುಳಿಯಾಗಿದ್ದರೆ ರೆಕ್ಕೆಯ ಮೇಲೆ ಬಲೆಯಂಥ ಗೆರೆ ಇರುವ ಪುಟ್ಟ ತಿಗಣೆ ಇರಬಹುದು. ಬಿಳಿ ಕಾಗದ ಹಿಡಿದು ಕೊಂಬೆ ತಟ್ಟಿದರೆ ಉದುರುತ್ತದೆ. ಹಾಳಾದ ಕುಡಿ ಚಿವುಟಿ, ನೀರಿನಿಂದ ತೊಳೆದು, 5 ಗ್ರಾಂನ ಸೋಪಿನ ದ್ರಾವಣ ಎಲೆಯ ಅಡಿಗೆ, ಒಂದು ಗಂಟೆಯಲ್ಲಿ ತೊಳೆತ. ಆ ಎರಡು ಮೂರು ದಿನ ತೀರ್ಥಕ್ಕೆ ಬೇರೆ ಗಿಡದ ದಳ ಹಾಕಿಕೊಳ್ಳಿ.

ಯಾವ ಗಿಡಕ್ಕೂ ಮೊದಲು ಎರಡು ಎಲೆಗೆ ಹಚ್ಚಿ, ಎರಡು ದಿನ ಬಿಟ್ಟು ನೋಡಿ, ಆಮೇಲೆ ಇಡೀ ಗಿಡಕ್ಕೆ ಹೋಗಿ. ಜರಿಗಿಡಗಳು, ಜೇಡ್, ದಪ್ಪ ಎಲೆಯ ಸಕ್ಯುಲೆಂಟ್‌ಗಳು ಸೋಪಿಗೆ ಮುನಿಸಿಕೊಳ್ಳುತ್ತವೆ. ಜೇಡಿನ ಹೊಳಪಿನ ಮೇಣ ಹೋದರೆ ಕಲೆ ಉಳಿಯುತ್ತದೆ. ದೊಡ್ಡಪತ್ರೆಯಂಥ ರೋಮದ ಎಲೆಯಲ್ಲಿ ದ್ರಾವಣ ಸಿಕ್ಕಿಕೊಂಡು ಬಹಳ ಹೊತ್ತು ಉಳಿಯುತ್ತದೆ, ಚೆನ್ನಾಗಿ ತೊಳೆಯಬೇಕು. ನೀರಿಲ್ಲದೆ ಬಾಡಿದ ಗಿಡಕ್ಕೆ ಹೊಡೆಯಬಾರದು, ಹಿಂದಿನ ದಿನ ನೀರು ಹಾಕಿರಿ. ಸುಡುವ ಬಿಸಿಲಿನಲ್ಲಂತೂ ಬೇಡವೇ ಬೇಡ, ಬೆಳಿಗ್ಗೆ ಬೇಗ ಅಥವಾ ಸಂಜೆ. ಮನಿಪ್ಲಾಂಟ್, ಅರೇಕಾ ಪಾಮ್‌ಗಳು ಏಸಿ ಕೋಣೆಯಲ್ಲಿ ಮಂಕಾಗಿ, ಎಲೆಯ ಅಡಿಯಲ್ಲಿ ನೂಲಿನಂಥ ಬಲೆ ಕಂಡರೆ ಅದು ನುಸಿ. ನುಸಿಗೂ ಸೋಪು ಆಗುತ್ತದೆ, ಎಲೆಗೆ ತಾಗುವ ಬಿಳಿ ನೊಣದ ಮರಿಗೂ, ಹೇನಿಗೂ ಆಗುತ್ತದೆ.

ಆಗದೇ ಇರುವುದನ್ನೂ ಹೇಳಬೇಕು. ಎಲೆ ತಿನ್ನುವ ಕಂಬಳಿಹುಳ, ಗಟ್ಟಿ ರೆಕ್ಕೆಯ ಜೀರುಂಡೆಗಳಿಗೆ ಸೋಪು ಸ್ನಾನ ಮಾಡಿಸಿದ ಹಾಗೆ. ಕರಿಬೇವಿನ ಎಲೆಯ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಮರಿಹುಳ ಕಂಡರೆ ಕೈಯಿಂದ ತೆಗೆಯಿರಿ. ಒಂದನ್ನು ಮೊಮ್ಮಕ್ಕಳಿಗೆ ತೋರಿಸಲು ಬಿಟ್ಟುಕೊಂಡರೂ ನಷ್ಟವಿಲ್ಲ, ನಿಂಬೆ ಜಾತಿಯ ಗಿಡಗಳ ಮೇಲೆ ಬೆಳೆಯುವ ಚಂದದ ಚಿಟ್ಟೆ ಅದು. ಮಣ್ಣಿನೊಳಗೆ ಬೇರಿಗೆ ಅಂಟಿದ ಹಿಟ್ಟು ತಿಗಣೆಗೂ ಮೇಲಿನ ಸೋಪು ತಲುಪುವುದಿಲ್ಲ. ಗಿಡ ಕಿತ್ತು, ಬೇರು ತೊಳೆದು, ಮಣ್ಣು ಬದಲಿಸಬೇಕು.

ಇನ್ನೊಂದು ವಿಷಯ, ಎಲ್ಲ ಬಿಳಿ ಹತ್ತಿಯೂ ಶತ್ರುವಲ್ಲ. ಹಿಟ್ಟು ತಿಗಣೆಯ ನಡುವೆ ಅದರ ಹಾಗೇ ಬಿಳಿ, ಆದರೆ ಜಡೆ ಜಡೆಯಾಗಿ ಎಳೆ ಇಳಿಬಿಟ್ಟುಕೊಂಡು ಚುರುಕಾಗಿ ಓಡಾಡುವ ದೊಡ್ಡ ಹುಳ ಕಂಡರೆ ಮುಟ್ಟಬೇಡಿ. ಅದು ಒಂದು ಜಾತಿಯ ಗುಲಗಂಜಿ ಹುಳದ ಮರಿ, ಹಿಟ್ಟು ತಿಗಣೆಯನ್ನು ತಿಂದೇ ಬದುಕುವಂಥದ್ದು. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯಿಯ ಹಿಟ್ಟು ತಿಗಣೆ ಮೊದಲ ಸಲ ನಮ್ಮ ದೇಶದಲ್ಲಿ ಕಾಣಿಸಿಕೊಂಡು ಹಿಪ್ಪುನೇರಳೆ, ಪಪ್ಪಾಯಿ, ದಾಸವಾಳ ಎಲ್ಲವನ್ನೂ ಹಾಳು ಮಾಡಿತು. ರೈತರು ಹೊಡೆದ ವಿಷಕ್ಕೆ ಅದು ಬಗ್ಗಲಿಲ್ಲ. 2010ರಲ್ಲಿ ಬೆಂಗಳೂರಿನ ಕೇಂದ್ರ ಸಂಸ್ಥೆಯೊಂದರ ಕೀಟ ವಿಜ್ಞಾನಿಗಳು ಪೋರ್ಟೊ ರಿಕೊದಿಂದ ತರಿಸಿ ಬಿಟ್ಟ, ಕಣ್ಣಿಗೆ ಕಾಣಿಸದಷ್ಟು ಸಣ್ಣ ಕಣಜ ಅದನ್ನು ಹತೋಟಿಗೆ ತಂದಿತು. ಆ ಕಣಜದ ವೈಜ್ಞಾನಿಕ ಹೆಸರು ಅಸೆರೊಫೇಗಸ್ ಪಪಾಯೆ. ನಿಮ್ಮ ಬಾಲ್ಕನಿಗೂ ಇಂಥ ಸ್ನೇಹಿತರು ಬರುತ್ತಾರೆ. ರಸಕ್ಕೆ ಸೇರುವ ವಿಷ ಹಾಕಿ ಕೂತರೆ ಅವಕ್ಕೆ ತಿನ್ನಲು ಏನೂ ಉಳಿಯುವುದಿಲ್ಲ, ಉಳಿದದ್ದನ್ನು ತಿಂದರೂ ಅಪಾಯ. ಹತ್ತಿಕಡ್ಡಿ ಹಿಡಿದವಳು ಯಾರನ್ನು ಮುಟ್ಟಬೇಕು, ಯಾರನ್ನು ಬಿಡಬೇಕು ಅಂತ ನೋಡಿ ಆರಿಸಬಹುದು.

ಪಕ್ಕದ ಮನೆಯ ಬಾಟಲಿ ಏನಾಯಿತು ಅಂತ ಕೇಳುತ್ತಿದ್ದಾರೆ. ಅದನ್ನು ಚರಂಡಿಗೆ ಸುರಿಯಲಿಲ್ಲ, ಮೀನು ಕಪ್ಪೆಗಳಿಗೆ ಅದು ಇನ್ನೂ ಕೇಡು. ಬಿಗಿಯಾಗಿ ಮುಚ್ಚಿ, "ವಿಷ" ಅಂತ ದೊಡ್ಡದಾಗಿ ಮೂರು ಭಾಷೆಯಲ್ಲಿ ಬರೆದು, ಪಾಲಿಕೆಯವರು ಅಪಾಯಕಾರಿ ಕಸ ಬೇರೆಯಾಗಿ ತೆಗೆದುಕೊಳ್ಳುವ ದಿನ ಕೊಟ್ಟೆವು. ನಿಮ್ಮ ಮನೆಯಲ್ಲೂ ಹೆಸರಿಲ್ಲದ ಬಾಟಲಿ ಇದ್ದರೆ ಈ ವಾರ ತೆಗೆಯಿರಿ.

ಮಾತು ಸಾಕು. ಈ ಮೇಜಿನ ಮೇಲೆ ತುರಿದ ಸೋಪು ಅಳೆದು ಪೊಟ್ಟಣ ಕಟ್ಟಿಟ್ಟಿದ್ದೇನೆ, ಒಂದು ಪೊಟ್ಟಣ ಒಂದು ಲೀಟರಿಗೆ, ಮನೆಗೆ ಎರಡರಂತೆ ತೆಗೆದುಕೊಂಡು ಹೋಗಿ. ಗಿಡ ತಂದವರು ಚಹಾ ಆದ ಮೇಲೆ ಒಬ್ಬೊಬ್ಬರಾಗಿ ಬನ್ನಿ, ಕೂತು ನೋಡೋಣ. ಹುಳ ಇರುವ ಕುಂಡಗಳನ್ನು ಮಾತ್ರ ಕಿಟಕಿಯ ಪಕ್ಕದ ಆ ಮೇಜಿನ ಮೇಲಿಡಿ, ತಿಂಡಿಯ ಮೇಜಿನ ಹತ್ತಿರವೂ ಬೇಡ, ಒಂದು ಗಿಡಕ್ಕೆ ಇನ್ನೊಂದು ತಾಗುವುದೂ ಬೇಡ. ಕನ್ನಡಕ ತಂದಿದ್ದೀರಿ ತಾನೆ?